ಕೀಲಿ ಕಳೆದುಹೋಗಿದೆ ಎನ್ನುವವನಿಂದ ಪಿನ್‌ಬಾಲ್ ಯಂತ್ರ ಕೊಳ್ಳಬೇಡಿ

ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ಆ ಮನುಷ್ಯ ಇನ್ನೂ ಜಾಹೀರಾತು ಹಾಕುತ್ತಲೇ ಇದ್ದಾನೆ.

ಗಾಟ್‌ಲೀಬ್ ಕಂಪನಿಯ 1975ರ ‘ಅಟ್ಲಾಂಟಿಸ್’. ನಾಣ್ಯ ಹಾಕಿ, ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಚಿಮ್ಮಿಸಿ ಅಂಕ ಗಳಿಸುವ ಪಿನ್‌ಬಾಲ್ ಯಂತ್ರ. ಕಡಲಾಳದ ಚಿತ್ರವಿರುವ ಗಾಜು, ಒಳಗೆ ಎಲೆಕ್ಟ್ರಾನಿಕ್ ಚಿಪ್‌ನ ಸುಳಿವೇ ಇಲ್ಲ. ಬರೀ ರಿಲೇ (ವಿದ್ಯುತ್ತಿನಿಂದ ಆಡುವ ಸ್ವಿಚ್ಚು), ಕಾಯಿಲ್ (ತಂತಿಯ ಸುರುಳಿ), ತಂತಿಯ ಕಾಡು. ತಯಾರಾದದ್ದೂ ನಾನಿರುವ ಶಿಕಾಗೋ ಸೀಮೆಯಲ್ಲೇ. 1,400 ಡಾಲರ್ ಎಂದ. ಬಾಡಿಗೆ ವ್ಯಾನು ಹಿಡಿದು, ಗೆಳೆಯನನ್ನೂ ಎಳೆದುಕೊಂಡು ಹೋದೆ.

ಪ್ಲಗ್ ಹಾಕಿದ. ದೀಪಗಳು ಹೊತ್ತಿದವು, ಸಮುದ್ರ ಬೆಳಗಿತು, ನನ್ನ ಬುದ್ಧಿ ಆರಿತು. ಆಟ ಶುರುವಾಗಲಿಲ್ಲ. ಗುಂಡಿ ಒತ್ತಿದರೆ ಅಂಕದ ಚಕ್ರಗಳು ಕಟಕಟ ಎಂದು ಸೊನ್ನೆಗೆ ಮರಳಬೇಕು; ಒಂದೂ ಮಿಸುಕಲಿಲ್ಲ. “ಫ್ಯೂಸ್ ಅಷ್ಟೇ, ಐದು ಡಾಲರ್ ಕೆಲಸ” ಎಂದ. ಒಳಗೆ ನೋಡೋಣ ಎಂದೆ. “ಕೀಲಿ ಕಳೆದುಹೋಗಿದೆ.” ನಾಣ್ಯ ಹಾಕುವ ಬಾಗಿಲು ತೆರೆಯದೆ ಮೇಲಿನ ಗಾಜು ತೆಗೆಯುವಂತಿಲ್ಲ, ಆಟದ ಹಲಗೆ ಎತ್ತುವಂತಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಣ ಎಣಿಸಿದೆ.

ಮನೆಯಲ್ಲಿ ಬೀಗ ಕೊರೆದು ಹಲಗೆ ಎತ್ತಿದೆ. ಸ್ಕೋರ್ ಮೋಟಾರ್ ಇರಬೇಕಾದ ಜಾಗದಲ್ಲಿ ಬರೀ ಸ್ಕ್ರೂ ತೂತುಗಳು. ಇಡೀ ಯಂತ್ರದ ತಾಳ ಹಿಡಿಯುವುದೇ ಆ ಮೋಟಾರ್. ಅದಿಲ್ಲದೆ ಚಕ್ರಗಳು ಸೊನ್ನೆಗೆ ಹೋಗುವುದೆಲ್ಲಿಂದ? ಸುತ್ತ ಅರ್ಧ ಶತಮಾನದ ಕಪ್ಪು ಧೂಳು, ಕತ್ತರಿಸಿದ ತಂತಿಗಳ ತುದಿಯಲ್ಲಿ ಮಾತ್ರ ಹೊಳೆಯುವ ತಾಮ್ರ. ಆಮೇಲೆ ಕೊರೆದು ತೆಗೆದ ಬೀಗವನ್ನು ನೋಡಿದೆ. ಬಾಗಿಲಿಗೆಲ್ಲ ತುಕ್ಕು, ಬೀಗ ಮಾತ್ರ ಹೊಚ್ಚಹೊಸದು! ಹೊಸ ಬೀಗದ ಕೀಲಿ ಅಷ್ಟು ಬೇಗ ಕಳೆಯುತ್ತದೆಯೇ?

ಸಂದೇಶ ಕಳಿಸಿದೆ. “ಇದ್ದದ್ದು ಇದ್ದಂತೆ ಎಂದು ಬರೆದಿದ್ದೆನಲ್ಲ” ಎಂದ. ಮೋಟಾರೇ ಇಲ್ಲ ಎಂದೆ. “ಐವತ್ತು ವರ್ಷದ ಯಂತ್ರ, ಏನಾದರೊಂದು ಇರುವುದಿಲ್ಲ.” ಏನಾದರೊಂದು! ಅರ್ಧ ಹಣವಾದರೂ ಕೊಡು ಎಂದದ್ದಕ್ಕೆ ಬಂದ ಉತ್ತರ: “ದೀಪ ಚೆನ್ನಾಗಿದೆಯಲ್ಲ, ಗೋಡೆಗೆ ನಿಲ್ಲಿಸಿ.” ಅಲ್ಲಿಗೆ ನನ್ನ ನಂಬರ್ ಬ್ಲಾಕ್.

“ಫ್ರಿಜ್ ಕೊಳ್ಳುವಾಗ ತರಕಾರಿ ಡಬ್ಬಿಯವರೆಗೂ ಎಳೆದು ನೋಡಿದ್ದಿರಿ” ಎಂದಳು ಹೆಂಡತಿ. ಉತ್ತರಿಸಲು ಬಾಯಿಯಿರಲಿಲ್ಲ.

ಹಲಗೆ ಎತ್ತಿಸದೆ ಹಣ ಕೊಡಬೇಡಿ. ದೀಪ ನೋಡಿ ಮರುಳಾಗಬೇಡಿ. ಕೀಲಿ ಇಲ್ಲವೆಂದರೆ ಅವನ ಕಣ್ಣೆದುರೇ ಬೀಗ ಕೊರೆಸಿ. ಬೇಡವೆಂದರೆ ವ್ಯಾನು ತಿರುಗಿಸಿ.

ಕಳೆದ ವಾರ ಅವನ ಹೊಸ ಜಾಹೀರಾತು ಕಣ್ಣಿಗೆ ಬಿತ್ತು: “ಗಾಟ್‌ಲೀಬ್ ಸ್ಕೋರ್ ಮೋಟಾರ್, ಸುಸ್ಥಿತಿಯಲ್ಲಿದೆ, 120 ಡಾಲರ್.”