ಕಡಿಮೆ ಸರ್ಕಾರ ಬಯಸಿದ ಅಧ್ಯಕ್ಷರ ಹಳ್ಳಿ: ಪ್ಲಿಮತ್ ನಾಚ್ ಸ್ಮಾರಕ ತಾಣ

ಅಮೆರಿಕದ ಮೂವತ್ತನೆಯ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಅವರು ಹುಟ್ಟಿದ್ದು, ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದ್ದು ಮತ್ತು ಮಣ್ಣಾದದ್ದು ಒಂದೇ ಊರಿನಲ್ಲಿ, ವರ್ಮಾಂಟ್ ರಾಜ್ಯದ ಪ್ಲಿಮತ್ ನಾಚ್‌ನಲ್ಲಿ. ಈ ಪುಟ್ಟ ಹಳ್ಳಿಯನ್ನು ರಾಜ್ಯ ಸರ್ಕಾರ ಐತಿಹಾಸಿಕ ತಾಣವಾಗಿ ಕಾಪಾಡಿಕೊಂಡು ಬಂದಿದೆ. ಸರ್ಕಾರ ಜನರ ಬದುಕಿನಲ್ಲಿ ಆದಷ್ಟು ಕಡಿಮೆ ಕೈಹಾಕಬೇಕೆಂದು ನಂಬಿದ್ದವರ ಮನೆಗೆ ಸರ್ಕಾರವೇ ಕಾವಲಾಗಿರುವುದು ತುಸು ತಮಾಷೆಯಾಗಿ ಕಂಡರೂ ಕಾವಲು ಅಚ್ಚುಕಟ್ಟಾಗಿದೆ.

ಇಲ್ಲಿ ತಪ್ಪದೆ ನೋಡಬೇಕಾದದ್ದು ಅವರ ತಂದೆ ಜಾನ್ ಕೂಲಿಡ್ಜ್ ಅವರ ಮನೆಯ ಬೈಠಕ್ ಕೋಣೆ. 1923ರ ಆಗಸ್ಟ್ 2ರಂದು ಅಧ್ಯಕ್ಷ ವಾರೆನ್ ಹಾರ್ಡಿಂಗ್ ತೀರಿಕೊಂಡಾಗ ಉಪಾಧ್ಯಕ್ಷರಾಗಿದ್ದ ಕೂಲಿಡ್ಜ್ ರಜೆಗೆಂದು ಈ ಮನೆಗೆ ಬಂದಿದ್ದರು. ಮನೆಯಲ್ಲಿ ವಿದ್ಯುತ್ತಾಗಲಿ ದೂರವಾಣಿಯಾಗಲಿ ಇಲ್ಲದ ಕಾರಣ ಸುದ್ದಿಯನ್ನು ಪಕ್ಕದ ಊರಿನಿಂದ ಜನರೇ ಬಂದು ಮುಟ್ಟಿಸಬೇಕಾಯಿತು. ಅಂದು ನಡುರಾತ್ರಿ ಕಳೆದು 2 ಗಂಟೆ 47 ನಿಮಿಷಕ್ಕೆ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ನೋಟರಿಯಾಗಿದ್ದ ತಂದೆಯೇ ಮಗನಿಗೆ ಪ್ರಮಾಣವಚನ ಬೋಧಿಸಿದರು. ಕೋಣೆಯನ್ನು ಅಂದಿನ ಸ್ಥಿತಿಯಲ್ಲೇ ಉಳಿಸಿರುವುದರಿಂದ, ನಾಲ್ಕಾರು ಜನ ಸೇರಿದರೂ ಇಕ್ಕಟ್ಟೆನಿಸುವಂತಹ ಜಾಗದಲ್ಲಿ ಅಷ್ಟು ದೊಡ್ಡ ಅಧಿಕಾರ ಕೈಬದಲಾಯಿತೆಂಬುದು ಕಣ್ಣಿಗೇ ಕಾಣುತ್ತದೆ. ಹೆಚ್ಚು ಜನರಿಗೆ ತಿಳಿಯದ ಸಂಗತಿಯೆಂದರೆ, ರಾಜ್ಯದ ನೋಟರಿಗೆ ಇಂಥ ಪ್ರಮಾಣ ಬೋಧಿಸುವ ಅಧಿಕಾರವಿದೆಯೇ ಎಂಬ ಸಂಶಯ ಎದ್ದದ್ದರಿಂದ ಅದೇ ತಿಂಗಳು ವಾಷಿಂಗ್ಟನ್‌ನಲ್ಲಿ ನ್ಯಾಯಾಧೀಶರೊಬ್ಬರ ಮುಂದೆ ಅವರು ಗುಟ್ಟಾಗಿ ಮತ್ತೊಮ್ಮೆ ಪ್ರಮಾಣ ಸ್ವೀಕರಿಸಿದರು.

ರಸ್ತೆಯಾಚೆಗೆ ಊರಿನ ಅಂಗಡಿ, ಅದರ ಬೆನ್ನಿಗಂಟಿದಂತೆ 1872ರ ಜುಲೈ 4ರಂದು ಅವರು ಹುಟ್ಟಿದ ಮನೆ. ಅಂಗಡಿಯ ಮೇಲಿನ ನೃತ್ಯಶಾಲೆಯೇ 1924ರ ಬೇಸಿಗೆಯಲ್ಲಿ ಅಧ್ಯಕ್ಷರ ಕಚೇರಿಯಾಗಿತ್ತು. ಚರ್ಚು ಮತ್ತು ಶಾಲೆಯನ್ನು ಬೇಗ ನೋಡಿ ಮುಗಿಸಬಹುದು. 1890ರಲ್ಲಿ ಅವರ ತಂದೆ ಮತ್ತು ನೆರೆಯ ರೈತರು ಸೇರಿ ತೆರೆದ ಚೀಸ್ ಕಾರ್ಖಾನೆಯ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಸರ್ಕಾರದ ಬಾಗಿಲಿಗೆ ಹೋಗದೆ ಊರವರೇ ಕೂಡಿ ತಮ್ಮ ಹಾಲಿಗೆ ಬೆಲೆ ಕಂಡುಕೊಂಡ ಈ ರೀತಿಯನ್ನು ನೋಡಿದರೆ ಕೂಲಿಡ್ಜ್ ಅವರ ರಾಜಕೀಯದ ಬೇರು ಎಲ್ಲಿದೆ ಎಂಬುದು ಅರ್ಥವಾಗುತ್ತದೆ.

ಆದರೆ ಹಳ್ಳಿಯಷ್ಟನ್ನೇ ಸುತ್ತಿ ಮರಳಿದರೆ ಅರ್ಧ ಮಾತ್ರ ನೋಡಿದಂತೆ. ಅವರ ಬದುಕು ಮತ್ತು ಆಡಳಿತವನ್ನು ಪರಿಚಯಿಸುವ, ತಾಣದಲ್ಲೇ ಇರುವ ಸಂಗ್ರಹಾಲಯಕ್ಕೂ ಸಾಕಷ್ಟು ಸಮಯ ಕೊಡಬೇಕು. ಸರಳ ಬದುಕು ಕಂಡವರ ಮನಸ್ಸನ್ನು ಗೆಲ್ಲುತ್ತದೆ, ಆಡಳಿತದ ತೀರ್ಮಾನಗಳನ್ನು ಮಾತ್ರ ಬೇರೆಯಾಗಿಯೇ ತೂಗಬೇಕಾಗುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತಾಂಪ್ಟನ್ ಊರಿನಲ್ಲಿ ವಕೀಲರಾಗಿ, ಮೇಯರ್ ಆಗಿ, ಆಮೇಲೆ ಆ ರಾಜ್ಯದ ಗವರ್ನರ್ ಆಗಿ ಮೆಟ್ಟಿಲು ಮೆಟ್ಟಿಲಾಗಿ ಏರಿದ ಅವರು 1919ರ ಬೋಸ್ಟನ್ ಪೊಲೀಸ್ ಮುಷ್ಕರದಲ್ಲಿ ಬಿಗಿ ನಿಲುವು ತಳೆದು ದೇಶಕ್ಕೆ ಪರಿಚಿತರಾದರು. ಅಧ್ಯಕ್ಷರಾದ ಮೇಲೆ ಹಣಕಾಸು ಸಚಿವ ಆ್ಯಂಡ್ರೂ ಮೆಲನ್ ಜೊತೆಗೂಡಿ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 25ಕ್ಕೆ ಇಳಿಸಿದರು. ವೆಚ್ಚವನ್ನು ಹಿಡಿದಿಟ್ಟು, ಸುಮಾರು 2,200 ಕೋಟಿ ಡಾಲರ್ ಇದ್ದ ರಾಷ್ಟ್ರೀಯ ಸಾಲವನ್ನು ಸುಮಾರು 1,700 ಕೋಟಿಗೆ ತಂದರು. ಇದು ಸಣ್ಣ ಸಾಧನೆಯಲ್ಲ. ಹಾಗೆಂದು ರೈತರ ಮಗನಾಗಿದ್ದೂ, ಮಿಕ್ಕ ಬೆಳೆಯನ್ನು ಕೊಂಡು ಬೆಲೆಗೆ ಆಸರೆ ನೀಡಬೇಕೆಂಬ ಮಸೂದೆಯನ್ನು 1927 ಮತ್ತು 1928ರಲ್ಲಿ ಎರಡು ಬಾರಿ ತಿರಸ್ಕರಿಸಿದ್ದನ್ನೂ, 1927ರಲ್ಲಿ ಮಿಸಿಸಿಪಿ ನದಿಯ ಭೀಕರ ಪ್ರವಾಹದ ಸ್ಥಳಕ್ಕೆ ಹೋಗಲು ಒಪ್ಪದಿದ್ದದ್ದನ್ನೂ ಮರೆಯುವಂತಿಲ್ಲ. ನೆರೆಹೊರೆಯ ಸಹಕಾರದಿಂದ ಸಾಗುವ ಊರಿನ ನ್ಯಾಯ ಅಷ್ಟು ದೊಡ್ಡ ದೇಶಕ್ಕೆ ಎಲ್ಲ ಕಾಲದಲ್ಲೂ ಸಾಲುವುದಿಲ್ಲವೆಂಬುದು ನನ್ನ ಅಭಿಪ್ರಾಯ. 1929ರ ಮಾರ್ಚ್‌ನಲ್ಲಿ ಅವರು ಅಧಿಕಾರದಿಂದ ಇಳಿದ ಕೆಲವೇ ತಿಂಗಳಲ್ಲಿ ಷೇರುಪೇಟೆ ಕುಸಿದದ್ದಕ್ಕೆ ಅವರ ಹೊಣೆ ಎಷ್ಟು ಎಂಬ ವಾದ ಇಂದಿಗೂ ನಡೆದಿದೆ.

ಸ್ಮಶಾನದಲ್ಲಿ ಅವರ ಸಮಾಧಿಗೂ ಮನೆಯವರ ಸಮಾಧಿಗಳಿಗೂ ಹೆಚ್ಚಿನ ಅಂತರವಿಲ್ಲ. 1924ರಲ್ಲಿ, ಟೆನಿಸ್ ಆಡುವಾಗ ಕಾಲಿನಲ್ಲೆದ್ದ ಬೊಬ್ಬೆ ನಂಜಾಗಿ ಹದಿನಾರರ ಪ್ರಾಯದಲ್ಲಿ ತೀರಿಕೊಂಡ ಮಗನ ಸಮಾಧಿಯೂ ಅಲ್ಲಿದೆ.

ಭವ್ಯ ಕಟ್ಟಡಗಳನ್ನು ನಿರೀಕ್ಷಿಸುವವರಿಗೆ ಇಲ್ಲಿ ನಿರಾಸೆಯಾದೀತು. ಅಧ್ಯಕ್ಷರ ಆಡಳಿತದ ಬಗ್ಗೆ ಸ್ವಲ್ಪ ಓದಿಕೊಂಡು ಬರುವವರಿಗೆ ಅರ್ಧ ದಿನ ಸಾರ್ಥಕವಾಗುತ್ತದೆ. ತಾಣ ಮೇ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಮಾತ್ರ ತೆರೆದಿರುತ್ತದೆ; ಸ್ವಂತ ವಾಹನವಿದ್ದರೆ ಅನುಕೂಲ.