ಕಿಸುಮುಲಿ ನಾಲ್ಕು ಫಂಡ್ ಹಿಂದೆ ಬಿದ್ದು ನೋಡಿದ್ದು: ಯಾವುದು ಯಾರಿಗೆ ಆಗತ್ತೆ

"ಗ್ರಾಂಟ್ ಅಂದ್ರೆ ಬಿಟ್ಟಿ ದುಡ್ಡು ತಾನೆ, ಒಂದು ಅರ್ಜಿ ಗೀಚಿ ಕಳಿಸಿದ್ರೆ ಆಯ್ತಲ್ಲ ಮಾರಾಯ" ಅಂತ ಮೊನ್ನೆ ಕುಂದಾಪುರದಿಂದ ನಮ್ಮ ಭಾವ ಫೋನಲ್ಲಿ ಅಂದ್ರು. ಫೋನಲ್ಲಿ ಹೇಳಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೆ ಬರೀತಿದೀನಿ.

ನಾನಿರೋದು ಕೀನ್ಯಾದ ಕಿಸುಮುಲಿ, ವಿಕ್ಟೋರಿಯಾ ಸರೋವರದ ದಡದ ಊರು, ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡೀಲಿ ಅಕೌಂಟ್ಸ್ ನೋಡ್ಕೋತೀನಿ. ಫಂಡ್ ವಿಷಯದಲ್ಲಿ ನಾನೇನು ಎಕ್ಸ್‌ಪರ್ಟ್ ಅಲ್ಲ, ಲೆಕ್ಕ ಬರೆಯೋನು ಅಂತ ಗೊತ್ತಾಗಿ ಇಬ್ಬರು ನನ್ನ ಹತ್ರ ಬಂದ್ರು ಅಷ್ಟೆ. ಒಂದು, ಒಮೇನಾ ಒಣಗಿಸಿ ಮಾರೋ 14 ಹೆಂಗಸರ ಗುಂಪು. ಒಮೇನಾ ಅಂದ್ರೆ ಬೆರಳುದ್ದದ ಬೆಳ್ಳಿ ಬಣ್ಣದ ಮೀನು, ನಮ್ಮೂರ ಒಣಮೀನಿನ ವಾಸನೆ ಗೊತ್ತಿದ್ದವರಿಗೆ ಇದರದ್ದು ಹೇಳ್ಬೇಕಾಗಿಲ್ಲ. ಇನ್ನೊಂದು, ಮೊದಲು ನಮ್ಮ ಅಂಗಡೀಲೇ ಲೋಡಿಂಗ್ ಮಾಡ್ತಿದ್ದ ಹುಡುಗ, ಈಗ ಒಂದು ಮಿಷಿನ್ ಇಟ್ಕೊಂಡು ಕಡಲೆಕಾಯಿ ಬೆಣ್ಣೆ, ಅದೇ ಪೀನಟ್ ಬಟರ್, ಅರೆದು ಬಾಟಲಿಗೆ ತುಂಬಿ ಮಾರ್ತಾನೆ. ಇವರಿಬ್ಬರ ಪರವಾಗಿ ಮೂರು ವರ್ಷ ರಾತ್ರಿ ಕೂತು ಫಾರಂ ತುಂಬಿದೀನಿ.

ಮೊದಲು ಹುಡುಗನದ್ದು ಹೇಳ್ತೀನಿ, ಯಾಕಂದ್ರೆ ಅವನಿಗೆ ಯಾವುದು ಅಂತ ಹುಡುಕೋ ಕಷ್ಟ ಇರ್ಲಿಲ್ಲ. ಟೋನಿ ಎಲುಮೆಲು ಫೌಂಡೇಶನ್ ಅಂತ ಇದೆ, ನೈಜೀರಿಯಾದ ಬ್ಯಾಂಕಿಂಗ್ ಶ್ರೀಮಂತ ಟೋನಿ ಎಲುಮೆಲು ಅವರದ್ದು, ಹತ್ತು ವರ್ಷದಲ್ಲಿ 10,000 ಜನಕ್ಕೆ ಅಂತ 10 ಕೋಟಿ ಡಾಲರ್ ಇಟ್ಟು 2015ರಲ್ಲಿ ಶುರು ಮಾಡಿದ್ರು. ಆಫ್ರಿಕಾದ 54 ದೇಶದೋರೂ ಹಾಕ್ಬಹುದು, 18 ತುಂಬಿರ್ಬೇಕು, ವ್ಯಾಪಾರಕ್ಕೆ ಐದು ವರ್ಷ ದಾಟಿರ್ಬಾರ್ದು, ಇನ್ನೂ ಐಡಿಯಾ ಮಾತ್ರ ಇದ್ರೂ ಪರವಾಗಿಲ್ಲ. ಸಿಗೋದು 5,000 ಡಾಲರ್, ಅಂದ್ರೆ ಇಲ್ಲಿನ ದುಡ್ಡಲ್ಲಿ ಸುಮಾರು ಆರೂವರೆ ಲಕ್ಷ ಶಿಲ್ಲಿಂಗ್, ವಾಪಸ್ ಕೊಡ್ಬೇಕಾಗಿಲ್ಲ. ಅರ್ಜಿ ಎಲ್ಲ ಆನ್‌ಲೈನ್, ಸಾಮಾನ್ಯವಾಗಿ ಜನವರಿ 1ಕ್ಕೆ ತೆಗೀತಾರೆ ಮಾರ್ಚ್ 1ಕ್ಕೆ ಮುಚ್ತಾರೆ, ಆಮೇಲೆ ಟ್ರೇನಿಂಗ್, ಬಿಸಿನೆಸ್ ಪ್ಲಾನ್, ಪಿಚ್, ಎಲ್ಲ ದಾಟಿದ ಮೇಲೆ ದುಡ್ಡು. ಒಂದು ಪೈಸೆ ಫೀಸ್ ಇಲ್ಲ. ಆದ್ರೆ ನೂಕುನುಗ್ಗಲು ಎಷ್ಟು ಅಂದ್ರೆ 2019ರಲ್ಲಿ 2,16,000 ಅರ್ಜಿ ಬಂದಿತ್ತು, ಆರಿಸಿದ್ದು 3,050 ಜನನ್ನ. ಎಪ್ಪತ್ತು ಜನಕ್ಕೆ ಒಬ್ಬ.

ಹುಡುಗ ಎರಡು ಸಲ ಹಾಕ್ದ, ಎರಡು ಸಲನೂ ಸಿಗ್ಲಿಲ್ಲ. ಮೊದಲನೇ ಸಲದ್ದು ನಮ್ಮದೇ ತಪ್ಪು, ಕೊನೇ ದಿನ ರಾತ್ರಿ ಹತ್ತಕ್ಕೆ ಕೂತ್ವಿ, ನಮ್ಮ ಬೀದೀಲಿ ಕರೆಂಟ್ ಹೋಯ್ತು, ಫೋನಿನ ಡೇಟಾಲೇ ಅರ್ಧಂಬರ್ಧ ತುಂಬಿ ಕಳಿಸಿದ್ವಿ, ಅದನ್ನ ಯಾರು ಆರಿಸ್ತಾರೆ ಹೇಳಿ. ಎರಡನೇ ಸಲ ನವೆಂಬರಿಂದಲೇ ತಯಾರಿ ಮಾಡಿದ್ವಿ. ಒಂದು ಬಾಟಲಿಗೆ ಎಷ್ಟು ಖರ್ಚು ಬೀಳತ್ತೆ ಅಂತ ಕೇಳ್ತಾರಲ್ಲ, ಅಲ್ಲಿ ಅವನು ಸುಮ್ನೆ "95" ಅಂತ ಹಾಕಕ್ಕೆ ಹೊರಟಿದ್ದ. ಏನದು 95 ಅಂದ್ರೆ ಕಡಲೆಕಾಯಿ ರೇಟ್ ಅಂತೆ. ನಾನು ಪೆನ್ ಕಿತ್ಕೊಂಡು ಬಿಲ್ ಹಿಂದೆ ಬರೆದೆ: ಕಡಲೆಕಾಯಿ 95, ಕರೆಂಟು 12, ಬಾಟಲಿ 28, ಲೇಬಲ್ 7, ಅಂಗಡಿಗೆ ಮುಟ್ಟಿಸೋ ಬೋಡಾಬೋಡಾ ಬೈಕಿನವನಿಗೆ 15. ಕೂಡಿಸಿದ್ರೆ 157. ಇವನು ಮಾರ್ತಿದ್ದಿದ್ದು 150ಕ್ಕೆ. ಒಂದೂವರೆ ವರ್ಷದಿಂದ ಸಣ್ಣ ಬಾಟಲಿ ಒಂದೊಂದಕ್ಕೂ ಏಳೇಳು ಶಿಲ್ಲಿಂಗ್ ಕೈಯಿಂದ ಹಾಕಿ ಮಾರಿದಾನೆ, ಜಾಸ್ತಿ ಮಾರಿದಷ್ಟೂ ಜಾಸ್ತಿ ಲಾಸು, ದುಡ್ಡು ಎಲ್ಲಿ ಹೋಗ್ತಿದೆ ಅಂತ ಪಾಪ ಕೆಲಸದ ಹುಡುಗನ ಮೇಲೆ ಡೌಟು ಬೇರೆ. ಆ ರಾತ್ರಿ ಅವನು ಸುಮಾರು ಹೊತ್ತು ಆ ಬಿಲ್ಲನ್ನೇ ನೋಡ್ಕೊಂಡು ಕೂತಿದ್ದ. ಮಾರನೇ ದಿನ ಸಣ್ಣ ಬಾಟಲಿ ನಿಲ್ಸಿ ದೊಡ್ಡದು ಮಾತ್ರ ಇಟ್ಟ. ಗ್ರಾಂಟ್ ಬರ್ಲಿಲ್ಲ, ಸೋರೋದು ನಿಂತು ಹೋಯ್ತು.

ಈಗ ಹೆಂಗಸರ ಗುಂಪು. ಇಲ್ಲಿ ಕಥೆ ಉದ್ದ.

ಇವರ ಗುಂಪಿಗೆ ಇಲ್ಲಿ ಚಾಮಾ ಅಂತಾರೆ, ವಾರಕ್ಕೆ ಇಷ್ಟು ಅಂತ ಎಲ್ಲರೂ ಹಾಕಿ ಸರದಿ ಮೇಲೆ ಒಬ್ಬೊಬ್ಬರಿಗೆ ಕೊಡೋದು, ನಮ್ಮ ಕೈಚೀಟಿ ಥರ, ಸ್ವಲ್ಪ ಸ್ತ್ರೀಶಕ್ತಿ ಸಂಘದ ಥರನೂ ಹೌದು. ಮುಖ್ಯಸ್ಥೆನ ಎಲ್ಲರೂ ಮಾಮಾ ಅಂತಾರೆ, ನಾನೂ ಹಾಗೇ ಅಂತೀನಿ (ಇಲ್ಲಿ ಮಾಮಾ ಅಂದ್ರೆ ಅಮ್ಮ, ಮೊದಮೊದಲು ನನಗೆ ನಗು ಬರ್ತಿತ್ತು). ಅವರ ತಾಪತ್ರಯ ಇಷ್ಟೆ, ಮೀನನ್ನ ಹಳೇ ಬಲೆ ಹಾಸಿ ನೆಲದ ಮೇಲೇ ಒಣಗಿಸ್ತಾರೆ, ಮರಳು ಸೇರ್ಕೊಳ್ಳತ್ತೆ, ಮಳೆ ಬಂದ್ರೆ ಕೊಳೆತು ಕೋಳಿ ಫೀಡಿಗೆ ಹೋಗತ್ತೆ, ರೇಟು ಬಿದ್ದೋಗತ್ತೆ. ಬೇಕಾಗಿದ್ದು ಸೊಂಟದೆತ್ತರದ ಮೆಶ್ ರ‍್ಯಾಕು, ಒಂದು ಸ್ಟೋರ್ ರೂಮು, ನೀರಿನ ಟ್ಯಾಂಕು.

ನನಗೆ ಮೊದಲು ಹೊಳೆದಿದ್ದು ಜಪಾನ್ ಎಂಬೆಸಿದು. 1989ರಿಂದ ನಡೆಸ್ಕೊಂಡು ಬಂದಿರೋ ಸ್ಕೀಮು, ಹಳ್ಳಿ ಮಟ್ಟದ ಸಂಸ್ಥೆಗಳಿಗೆ, ಸ್ಕೂಲು ಆಸ್ಪತ್ರೆ ಬೋರ್‌ವೆಲ್ ಇಂಥದಕ್ಕೆ ದುಡ್ಡು ಕೊಡ್ತಾರೆ. ಇಲ್ಲಿ ಸುತ್ತಮುತ್ತ ಓಡಾಡಿದ್ರೆ ಕ್ಲಾಸ್‌ರೂಮಿನ ಗೋಡೆ ಮೇಲೆ ಜಪಾನ್ ಬಾವುಟದ ಫಲಕ ಕಾಣತ್ತೆ, ಅದೇ ಇದು. ರೂಲ್ಸು ನೇರ: ಕಟ್ಟಡ, ಸಾಮಾನು ಆದ್ರೆ ಸರಿ, ಸಂಬಳ ಬಾಡಿಗೆ ದಿನದ ಖರ್ಚು ಯಾವುದಕ್ಕೂ ಇಲ್ಲ, ಪ್ರತಿ ಸಾಮಾನಿಗೂ ಮೂರು ಕಡೆಯಿಂದ ಕೊಟೇಶನ್, ಸಹಿ ಆಗಿ ಒಂದು ವರ್ಷದೊಳಗೆ ಕೆಲಸ ಮುಗೀಬೇಕು. ಅಕೌಂಟೆಂಟ್ ಆದ ನನಗೆ ಇದು ಬಹಳ ಹಿಡಿಸ್ತು, ಏನು ಬೇಕು ಅಂತ ಸುತ್ತುಬಳಸಿ ಕೇಳಲ್ಲ. ಆದ್ರೆ ನಾನು ಮಾಡಿದ ಪೆದ್ದು ಕೆಲಸ ನೋಡಿ, ಮೂರು ಕೊಟೇಶನ್ನಲ್ಲಿ ಒಂದು ನಮ್ಮ ಅಂಗಡೀದೇ ಹಾಕಿದ್ದೆ. ಅರ್ಜಿ ಬರೆಯೋನೂ ನಾನು, ಮೆಶ್ಶಿನ ಕೊಟೇಶನ್ ಕೆಳಗೆ ಸಹಿನೂ ನಂದು! ಫೈಲ್ ಜೋಡಿಸ್ತಾ ಇದ್ದಾಗ ಕಣ್ಣಿಗೆ ಬಿತ್ತು, ತೆಗೆದು ಬೇರೆಯವರ ಹತ್ರ ತಂದ್ವಿ, ಅದಕ್ಕೇ ಎರಡು ವಾರ.

ಅದಾದ ಮೇಲೆ ಜಾಗದ ಪ್ರಶ್ನೆ. ಸ್ಟೋರ್ ರೂಮ್ ಕಟ್ಟೋ ಜಾಗ ಯಾರದ್ದು? ದಡ ಯಾರ ಹೆಸರಲ್ಲೂ ಇಲ್ಲ, ಬೀಚನ್ನ ನೋಡ್ಕೊಳ್ಳೋಕೆ ಅಲ್ಲಿನ ಮೀನುಗಾರರದ್ದೇ ಬೀಚ್ ಮ್ಯಾನೇಜ್‌ಮೆಂಟ್ ಯೂನಿಟ್ ಅಂತ ಒಂದು ಕಮಿಟಿ ಇರತ್ತೆ, ಅವರು ಲೆಟರ್ ಕೊಡೋಕೆ ರೆಡಿ, ಲೆಟರ್ ಇದ್ರೆ ಪಹಣಿ ಆಗತ್ತಾ? ಬೇರೆಯವರ ದುಡ್ಡಲ್ಲಿ ಕಟ್ಟಿದ ಕಟ್ಟಡ ನಾಳೆ ಯಾರೋ ಬಂದು ಎಬ್ಬಿಸಿದ್ರೆ ಅಂತ ನಮಗೇ ಹೆದರಿಕೆ ಆಯ್ತು, ಅರ್ಜಿ ಕಳಿಸ್ಲೇ ಇಲ್ಲ. ಸ್ಕೂಲಿಗೆ, ಸ್ವಂತ ಜಾಗ ಇರೋ ಕ್ಲಿನಿಕ್ಕಿಗೆ ಕಣ್ಣು ಮುಚ್ಕೊಂಡು ಇದನ್ನೇ ಹೇಳ್ತೀನಿ. ದಡದಲ್ಲಿ ಕೂತು ವ್ಯಾಪಾರ ಮಾಡೋರಿಗೆ ಅಲ್ಲ.

ಆಮೇಲೆ ಹಿಡಿದಿದ್ದು ಜಿಇಎಫ್ (ಗ್ಲೋಬಲ್ ಎನ್ವಿರಾನ್‌ಮೆಂಟ್ ಫೆಸಿಲಿಟಿ, ಪರಿಸರಕ್ಕೆ ಅಂತಲೇ ಇರೋ ಅಂತಾರಾಷ್ಟ್ರೀಯ ನಿಧಿ) ಸ್ಮಾಲ್ ಗ್ರಾಂಟ್ಸ್ ಪ್ರೋಗ್ರಾಂ, 1992ರಿಂದ ಇದೆ, ವಿಶ್ವಸಂಸ್ಥೆಯ ಅಭಿವೃದ್ಧಿ ವಿಭಾಗ ಯುಎನ್‌ಡಿಪಿ ನಡೆಸತ್ತೆ, ನಾವು ನೋಡಿದಾಗ ಸಂಘ ಸಂಸ್ಥೆಗಳಿಗೆ ಮಾಮೂಲಿಯಾಗಿ 50,000 ಡಾಲರ್ ವರೆಗೆ ಕೊಡ್ತಿದ್ರು. ಇದರ ಮಾತೇ ಬೇರೆ. ಜಪಾನಿನವರಿಗೆ ರ‍್ಯಾಕ್ ಬೇಕು ಅಂದ್ರೆ ರ‍್ಯಾಕು, ಇಲ್ಲಿ ರ‍್ಯಾಕಿಂದ ಸರೋವರಕ್ಕೆ ಏನು ಲಾಭ ಅಂತ ಹೇಳ್ಬೇಕು, ಯಾಕಂದ್ರೆ ದುಡ್ಡು ಇರೋದು ಪರಿಸರಕ್ಕೆ, ಹೊಟ್ಟೆಪಾಡು ಅದರ ಹಿಂದೆ ಬರ್ಬೇಕು. ಹರಿದ ಬಲೆ ನೀರಿಗೆ ಎಸೆಯೋದು ನಿಲ್ಸೋದು, ಬಿಸಿಲಲ್ಲಿ ಚೆನ್ನಾಗಿ ಒಣಗಿದ್ರೆ ಹಾಳಾಗೋದು ಕಮ್ಮಿ ಅದಕ್ಕೆ ಹಿಡಿಯೋದೂ ಕಮ್ಮಿ ಸಾಕು, ಹಾಗೆ ಹೀಗೆ ಅಂತ 22 ಪುಟ ಬರೆದೆ. ದುಡ್ಡು ಕಂತಲ್ಲಿ ಬರತ್ತೆ, ಹಿಂದಿನ ಕಂತಿನ ರಿಪೋರ್ಟ್ ಕೊಟ್ರೆ ಮುಂದಿನದು.

ಒಂದು ಚೆಂದದ ವಿಷಯ ಇದರಲ್ಲಿ, ಗುಂಪು ತನ್ನ ಪಾಲು ಹಾಕ್ಬೇಕು ಅಂತಾರಲ್ಲ, ಅದರಲ್ಲಿ ಶ್ರಮದಾನನೂ ಲೆಕ್ಕಕ್ಕೆ ಬರತ್ತೆ. ಒಬ್ಬೊಬ್ಬರು ದಿನಕ್ಕೆ ಎಷ್ಟು ಗಂಟೆ ಮೀನು ತಿರುವಿ ಹಾಕ್ತೀರಿ, ಕೂಲಿಗೆ ಹೋದ್ರೆ ದಿನಕ್ಕೆ ಎಷ್ಟು ಕೊಡ್ತಾರೆ ಅಂತ ಕೇಳಿ ಗುಣಿಸ್ತಾ ಇದ್ದೆ. ಮಾಮಾ ತಡೆದು ಕೇಳಿದ್ರು, "ಇದಕ್ಕೂ ರೇಟ್ ಇದ್ಯಾ?" ಇದೆ ಅಂದೆ. ಅವರು ತಮ್ಮ ಡೋಲುವೋ ಭಾಷೇಲಿ ಉಳಿದವರಿಗೆ ಹೇಳಿದ್ರು, 14 ಜನನೂ ಜೋರಾಗಿ ನಕ್ರು, ಅದು ಖುಷೀದಾ ಸಿಟ್ಟಿಂದಾ ನನಗಿನ್ನೂ ಗೊತ್ತಾಗಿಲ್ಲ.

ಇಷ್ಟೆಲ್ಲಾ ಆದ ಮೇಲೆ ಅವರು ಅರ್ಜಿ ಕರೆದಿದ್ದ ಹಾಳೆ ಮತ್ತೆ ಓದಿದೆ. ಆ ಸಲ ಕೀನ್ಯಾದಲ್ಲಿ ಈ ಪ್ರೋಗ್ರಾಂ ಇದ್ದಿದ್ದು ಇಡೀ ದೇಶಕ್ಕಲ್ಲ, ಆರಿಸಿದ ಕೆಲವು ಭಾಗಕ್ಕೆ, ಬೊಗೋರಿಯಾ ಸರೋವರ, ಕರಾವಳಿಯ ಕಾಯಾ ಪವಿತ್ರ ಕಾಡುಗಳು, ಶಿಮೋನಿ ಕಡೆಯ ಸಮುದ್ರ, ಇಂಥವು. ನಮ್ಮ ದಡ ಪಟ್ಟೀಲಿ ಇರ್ಲಿಲ್ಲ. ಇದು ಹಾಳೆಯಲ್ಲೇ ಸ್ಪಷ್ಟವಾಗಿ ಇತ್ತು, ದೊಡ್ಡ ಮೊತ್ತ ನೋಡಿ ನಾನೇ ಹಾರಿಸ್ಕೊಂಡು ಹೋಗಿದ್ದೆ. ಮಾಮಾಗೆ ಹೇಗೆ ಹೇಳೋದು ಅಂತ ಮೂರು ದಿನ ಆ ಕಡೆ ಹೋಗ್ಲಿಲ್ಲ. ಹಾಗಾಗಿ ಯಾವ ಫಂಡಾದ್ರೂ ಮೊದಲು ಊರಿನ ಪಟ್ಟಿ ನೋಡಿ, ಮೊತ್ತ ಆಮೇಲೆ.

ನಾಲ್ಕನೇದು ಗ್ರಾಂಟೇ ಅಲ್ಲ, ಸಾಲ. ಆದ್ರೂ ಈ ಹೋಲಿಕೇಲಿ ಸೇರಿಸ್ತಿದೀನಿ, ಕೊನೆಗೆ ಕೆಲಸಕ್ಕೆ ಬಂದಿದ್ದು ಇದೇ. ಉವೇಝೋ ಫಂಡ್, ಕೀನ್ಯಾ ಸರ್ಕಾರದ್ದು, 2013ರದ್ದು. ಇದರ ಹುಟ್ಟು ಮಜವಾಗಿದೆ, ಆ ವರ್ಷ ಅಧ್ಯಕ್ಷ ಚುನಾವಣೆಗೆ ಎರಡನೇ ಸುತ್ತು ಬಂದ್ರೆ ಅಂತ 600 ಕೋಟಿ ಶಿಲ್ಲಿಂಗ್ ಎತ್ತಿಟ್ಟಿದ್ರು, ಒಂದೇ ಸುತ್ತಲ್ಲಿ ಉಹುರು ಕೆನ್ಯಾಟ್ಟಾ ಗೆದ್ರು, ಉಳಿದ ದುಡ್ಡನ್ನ ಹೆಂಗಸರು, ಯುವಕರು, ಅಂಗವಿಕಲರ ಗುಂಪುಗಳಿಗೆ ಅಂತ ಮಾಡಿದ್ರು. ಗುಂಪಿಗೆ 50,000ದಿಂದ 5 ಲಕ್ಷ ಶಿಲ್ಲಿಂಗ್, ಬಡ್ಡಿ ಇಲ್ಲ, ಒಂದು ಸಲಕ್ಕೆ 3 ಪರ್ಸೆಂಟ್ ಆಡಳಿತ ಶುಲ್ಕ, ಮೊದಲ ಆರು ತಿಂಗಳು ಕಂತಿಲ್ಲ. ಗುಂಪು ನೋಂದಣಿ ಆಗಿ ಆರು ತಿಂಗಳಾದ್ರೂ ಆಗಿರ್ಬೇಕು, ಬ್ಯಾಂಕ್ ಅಕೌಂಟ್ ಇರ್ಬೇಕು, ಮುಖ್ಯವಾಗಿ ಸದಸ್ಯರು ತಿಂಗಳು ತಿಂಗಳು ದುಡ್ಡು ಹಾಕೋ ರೂಢಿ ಇದೆ ಅಂತ ತೋರಿಸ್ಬೇಕು.

ಇಲ್ಲಿ ನನ್ನ 22 ಪುಟ ಯಾರಿಗೂ ಬೇಕಾಗ್ಲಿಲ್ಲ. ಖಜಾಂಚಿ ತನ್ನ ಲೇಸೋ ಬಟ್ಟೆಯ ಗಂಟು ಬಿಚ್ಚಿ ಒಂದು ಸ್ಕೂಲ್ ನೋಟ್‌ಬುಕ್ ಈಚೆ ತೆಗೆದ್ರು. ನಾಲ್ಕು ವರ್ಷದ ಚಾಮಾ ಲೆಕ್ಕ, ಮೀನಿನ ಎಣ್ಣೆ ಮೆತ್ತಿ ಅಂಚು ಹಳದಿ ಆಗಿದೆ, ಅಕ್ಷರ ಬರದವರ ಹೆಸರಿನ ಮುಂದೆ ಹೆಬ್ಬೆಟ್ಟು, ಹಾಕದೇ ಇದ್ದ ವಾರದಲ್ಲಿ ಕೆಂಪು ಗೆರೆ. ಒಂದು ಕಾಲಂ ಕೂಡ ತಪ್ಪಿಲ್ಲ, ನಾನು ಎರಡು ಸಲ ಕೂಡಿಸಿ ನೋಡಿದೆ. ಮೂರು ವರ್ಷ ನಾನು ಇವರಿಗೆ ಪೇಪರ್ ಇಲ್ಲ ಪೇಪರ್ ಇಲ್ಲ ಅಂತಿದ್ದೆ. ಇದನ್ನ ತೋರಿಸಿ ಅಂತ ಒಂದು ದಿನ ಕೇಳಿರ್ಲಿಲ್ಲ.

ಒಂದು ಲಕ್ಷ ಸಿಕ್ತು, ಅದರಲ್ಲಿ 3,000 ಶುಲ್ಕ. ಮರ, ಮೆಶ್ಶು, ಮೊಳೆ, ಬಡಗಿ ಕೂಲಿ, ಆರು ರ‍್ಯಾಕ್ ಎದ್ವು. ಕಷ್ಟ ಇಲ್ಲ ಅಂತಲ್ಲ. ಏಪ್ರಿಲಿಂದ ಜುಲೈ ವರೆಗೆ ಇಲ್ಲಿ ಒಮೇನಾ ಹಿಡಿಯೋ ಹಾಗಿಲ್ಲ, ನಮ್ಮ ಮಲ್ಪೇಲಿ ಜೂನ್ ಜುಲೈ ಬೋಟ್ ಬಂದ್ ಇರತ್ತಲ್ಲ ಹಾಗೆ, ನಮಗೆ ದುಡ್ಡು ಬಂದಿದ್ದು ನವೆಂಬರಲ್ಲಿ, ಆರು ತಿಂಗಳು ಕಳೆದು ಮೊದಲ ಕಂತು ಸರಿಯಾಗಿ ಮೇ ತಿಂಗಳಿಗೆ. ಮೀನೇ ಇಲ್ಲದ ತಿಂಗಳು! ಡಿಸೆಂಬರಲ್ಲೇ ಲೆಕ್ಕ ಹಾಕಿ ಪ್ರತಿ ವಾರ ಬೇರೆ ಡಬ್ಬೀಲಿ ಎತ್ತಿಟ್ಟಿದ್ದಕ್ಕೆ ಮೂರು ಕಂತು ದಾಟಿದ್ವಿ. ಸಾಲ ತಗೊಳ್ಳೋರು ಮೊದಲ ಕಂತು ಯಾವ ತಿಂಗಳಿಗೆ ಬೀಳತ್ತೆ ಅಂತ ಹಿಂದಕ್ಕೆ ಎಣಿಸಿ ಅರ್ಜಿ ಹಾಕಿ.

ಬೇರೆಯವೂ ಇವೆ, ಬೇಗ ಹೇಳಿಬಿಡ್ತೀನಿ. ನೈರೋಬಿಯ ಎಇಸಿಎಫ್ (ಆಫ್ರಿಕಾ ಎಂಟರ್‌ಪ್ರೈಸ್ ಚಾಲೆಂಜ್ ಫಂಡ್) 2008ರಿಂದ ಇದೆ, ಆದ್ರೆ ಅವರು ಹಾಕೋ ದುಡ್ಡಿನ ಜೊತೆ ಕಂಪನಿನೂ ತನ್ನ ದುಡ್ಡು ಹಾಕ್ಬೇಕು, ಕಡಲೆಕಾಯಿ ಹುಡುಗನಿಗೆ ದೂರದ ಮಾತು. ಜಾಕ್ ಮಾ ಫೌಂಡೇಶನ್ನಿನ ಸ್ಪರ್ಧೆ ಇದೆ, ಕೊನೆಯ ಹತ್ತು ಜನಕ್ಕೆ ಒಟ್ಟು 15 ಲಕ್ಷ ಡಾಲರ್, ಅದಕ್ಕೆ ಮೂರು ವರ್ಷ ನಡೆದ ವ್ಯಾಪಾರ ಬೇಕು. ಅಮೆರಿಕ ಸರ್ಕಾರದ ಯುಎಸ್‌ಎಡಿಎಫ್ (ಆಫ್ರಿಕನ್ ಡೆವಲಪ್‌ಮೆಂಟ್ ಫೌಂಡೇಶನ್) ಒಂದು ಕಾಲಕ್ಕೆ ಎಲ್ಲಕ್ಕಿಂತ ಒಳ್ಳೇದಿತ್ತು, 1980ರಲ್ಲಿ ಅವರ ಕಾಂಗ್ರೆಸ್ ಮಾಡಿದ್ದು, ರೈತರ ಸಂಘಗಳಿಗೆ ನೇರವಾಗಿ 2,50,000 ಡಾಲರ್ ವರೆಗೂ ಕೊಡ್ತಿತ್ತು. 2025ರ ಫೆಬ್ರವರಿಲಿ ಟ್ರಂಪ್ ಆದೇಶ ಬಂತು, ಅದನ್ನ ಕಾನೂನಿಗೆ ಬೇಕಾದಷ್ಟು ಮಾತ್ರ ಉಳಿಸಿ ಮಿಕ್ಕಿದ್ದು ನಿಲ್ಸಿ ಅಂತ, ಕೋರ್ಟ್ ಮೆಟ್ಟಿಲೂ ಹತ್ತಿತು. ಅದನ್ನ ನಂಬ್ಕೊಂಡು ಈಗ ಪ್ಲಾನ್ ಮಾಡ್ಬೇಡಿ.

ಇನ್ನು ವಾಟ್ಸಾಪಲ್ಲಿ ಬರೋ ಗ್ರಾಂಟು. ಖಜಾಂಚಿಗೆ ಒಬ್ಬ "ಕನ್ಸಲ್ಟೆಂಟ್" ಮೆಸೇಜ್ ಹಾಕಿದ್ದ, ನಿಮ್ಮ ಗುಂಪು ಸೆಲೆಕ್ಟ್ ಆಗಿದೆ, ಪ್ರೊಸೆಸಿಂಗ್‌ಗೆ 3,500 ಶಿಲ್ಲಿಂಗ್ ಎಂಪೆಸಾ ಮಾಡಿ ಅಂತ (ಎಂಪೆಸಾ ಅಂದ್ರೆ ಇಲ್ಲಿ ಫೋನಲ್ಲೇ ದುಡ್ಡು ಕಳಿಸೋ ವ್ಯವಸ್ಥೆ). ಅವರು ಫೋನ್ ತೆಗೆದು ಪಿನ್ ಒತ್ತೋಕೆ ಹೊರಟಿದ್ರು, ಮಾಮಾ ಕೇಳಿದ್ರು, "ಕೊಡೋಕೆ ಬಂದೋನು ಬೇಡ್ತಾ ಇದಾನಲ್ಲ, ಅವನು ನಮಗಿಂತ ಬಡವನಾ?"

ಹುಡುಗ ಮತ್ತೆ ಜನವರಿಗೆ ಕಾಯ್ತಿದಾನೆ, ಎಪ್ಪತ್ತರಲ್ಲಿ ಒಬ್ಬ ನಾನೇ ಯಾಕಾಗ್ಬಾರ್ದು ಅಂತಾನೆ, ಈ ಸಲ ಅವನ 157ರ ಲೆಕ್ಕ ನಾನು ಬರೀಬೇಕಾಗಿಲ್ಲ. ಮಾಮಾಗೆ ಇನ್ನೆರಡು ರ‍್ಯಾಕ್ ಬೇಕಂತೆ. ಯಾವ ಫಂಡಿಗೆ ಹಾಕೋಣ ಅಂದೆ. ಫಂಡ್ ಬೇಡ, ಮೆಶ್ಶಿಗೆ ನಿನ್ನ ಅಂಗಡೀಲಿ ಡಿಸ್ಕೌಂಟ್ ಕೊಡ್ಸು ಅಂದ್ರು. ಬೇರೆ ಎರಡು ಕಡೆ ರೇಟ್ ಕೇಳ್ಕೊಂಡೇ ಬಂದಿದ್ರು, ಚೀಟಿ ಕೈಯಲ್ಲೇ ಇತ್ತು.