ಅಗ್ಗಕ್ಕೆ ಸಿಗುವ ಡುಕಾಟಿ ಪಾಸೊ: ಫೇರಿಂಗ್ ಬಿಚ್ಚಿಸಿ ನೋಡದೆ ಮುಂಗಡ ಕೊಡಬೇಡಿ

ಹಳೆಯ ಇಟಾಲಿಯನ್ ಬೈಕೊಂದನ್ನು ಕೈಗೆಟಕುವ ಬೆಲೆಗೆ ಹುಡುಕುವವರ ಕಣ್ಣಿಗೆ ಡುಕಾಟಿ ಪಾಸೊ 750 ಬೀಳದೆ ಇರುವುದಿಲ್ಲ. 1973ರಲ್ಲಿ ಮೊನ್ಜಾದ ರೇಸಿನಲ್ಲಿ ಮಡಿದ ಬೈಕ್ ರೇಸರ್ ರೆಂಜೊ ಪಾಸೊಲಿನಿಯ ನೆನಪಿನಲ್ಲಿ ಹೆಸರಿಡಲಾದ, 1986ರಲ್ಲಿ ಮಾರಾಟಕ್ಕೆ ಬಂದ ಈ ಬೈಕನ್ನು ರೂಪಿಸಿದವರು ಮಾಸ್ಸಿಮೊ ತಂಬುರಿನಿ; ಆದರೂ ಅವರೇ ಮುಂದೆ ರೂಪಿಸಿದ ಡುಕಾಟಿ 916 ಬೈಕಿಗೆ ಬಂದ ಬೇಡಿಕೆ ಇದಕ್ಕೆ ಎಂದೂ ಬರಲಿಲ್ಲ. ಇಟಲಿಯ ಬೊಲೋನ್ಯಾದಲ್ಲಿ ಕೆಲಸಕ್ಕಿದ್ದಾಗ ನಾನೂ ಬೆಲೆಗೆ ಮರುಳಾಗಿ ಒಂದನ್ನು ಕೊಂಡೆ.

ಇದರ ಎಂಜಿನ್ನನ್ನು ಫೇರಿಂಗ್ ಎಂಬ ಹೊರಕವಚ ಪೂರ್ತಿಯಾಗಿ ಮುಚ್ಚಿಕೊಂಡಿರುತ್ತದೆ. ಮಾಸದ ಕೆಂಪು ಬಣ್ಣವನ್ನು ಕಂಡು ಒಳಗೂ ಎಲ್ಲ ನೆಟ್ಟಗಿದ್ದೀತೆಂದು ನಂಬಿದೆ. ಮಾರುವವರು "ಹತ್ತು ವರ್ಷದಿಂದ ನಿಂತೇ ಇದೆ, ಓಡಿರುವುದು ಬಹಳ ಕಡಿಮೆ" ಎಂದಾಗ ಅದನ್ನು ಗುಣವೆಂದೇ ಎಣಿಸಿದೆ. ಆದರೆ ಇದರಲ್ಲಿ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಗಳನ್ನು ತಿರುಗಿಸುವುದು ಎರಡು ರಬ್ಬರ್ ಟೈಮಿಂಗ್ ಬೆಲ್ಟುಗಳು. ಗಾಡಿ ಓಡಲಿ ಬಿಡಲಿ, ವಯಸ್ಸಾದ ರಬ್ಬರು ಬಿರಿಯುತ್ತದೆ. ಒಂದು ಬೆಲ್ಟು ಕಿತ್ತರೂ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಮೂರನೆಯ ಭಾನುವಾರ ಫೂತಾ ಘಾಟಿಯನ್ನು ಹತ್ತುವಾಗ ಎಂಜಿನ್ ಮುಗ್ಗರಿಸತೊಡಗಿತು. ಸಿಲಿಂಡರುಗಳ ನಡುವಿನ ಸಂದಿಯಲ್ಲಿ ಕೂತಿರುವ, ಕಾರುಗಳಿಗೆ ಹಾಕುವ ಜಾತಿಯ ವೆಬರ್ ಕಂಪನಿಯ ಕಾರ್ಬ್ಯುರೇಟರಿನಿಂದಾಗಿ ಹೀಗೆ ತಡವರಿಸುವುದು ಈ ಮಾದರಿಗೆ ಮೊದಲಿನಿಂದಲೂ ಅಂಟಿದ ಅಪಖ್ಯಾತಿ. ಅದನ್ನು ಮೊದಲೇ ಓದಿಕೊಂಡಿದ್ದುದೇ ನನಗೆ ಮುಳುವಾಯಿತು: ಇದೂ ಅದೇ ಚಾಳಿಯೆಂದು ಮುಂದೆ ಓಡಿಸಿದೆ. ಎರಡು ತಿರುವು ದಾಟುವಷ್ಟರಲ್ಲಿ ಖಟ್ ಎಂಬ ಸದ್ದಿನೊಂದಿಗೆ ಎಂಜಿನ್ ನಿಂತಿತು. ಮೆಕ್ಯಾನಿಕ್ ಹೊರತೆಗೆದ ಬೆಲ್ಟಿನಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಹಲ್ಲುಗಳೇ ಇರಲಿಲ್ಲ. ಉಳಿದವು ಉಗುರು ತಾಗಿಸಿದರೆ ಉದುರುತ್ತಿದ್ದವು. ರಿಪೇರಿಯ ಖರ್ಚು ಕೊಂಡ ಬೆಲೆಯನ್ನೂ ಮೀರಿತು.

ಆದ್ದರಿಂದ ಬೆಲ್ಟ್ ಬದಲಿಸಿದ ರಸೀದಿಯನ್ನು ತಾರೀಖಿನ ಸಮೇತ ಕೇಳಿ; ಇಲ್ಲವೆಂದರೆ ಎಂಜಿನ್ನನ್ನು ಸ್ಟಾರ್ಟ್ ಮಾಡಲೂ ಬಿಡದೆ ಹೊಸ ಬೆಲ್ಟುಗಳ ಖರ್ಚನ್ನು ಬೆಲೆಯಿಂದ ಕಳೆಯಿರಿ. ಟಯರಿನ ಪಕ್ಕೆಯಲ್ಲಿರುವ ನಾಲ್ಕಂಕಿಯನ್ನೂ ಓದಿ: ನನ್ನದರಲ್ಲಿ 3609 ಎಂದಿತ್ತು, ಅಂದರೆ 2009ರ ಮೂವತ್ತಾರನೆಯ ವಾರದ್ದು. ಇದರ ಚಕ್ರಗಳು ಹದಿನಾರು ಇಂಚಿನವಾದ್ದರಿಂದ ಒಪ್ಪುವ ಟಯರುಗಳ ಆಯ್ಕೆ ಈಗ ತೀರಾ ಕಡಿಮೆ. ಹದಿನೇಳು ಇಂಚಿನ ಚಕ್ರ ಬಂದದ್ದು ಮುಂದಿನ 907 ಐ.ಇ. ಮಾದರಿಗೆ.

ಮಾರಿದವರಿಗೆ ಫೋನ್ ಮಾಡಿದೆ. ಅವರು ಸಿಟ್ಟಾಗಲಿಲ್ಲ, ನಿಜವಾಗಿಯೂ ಅಚ್ಚರಿಪಟ್ಟರು: "ಗಾಡಿ ನಿಂತೇ ಇತ್ತಲ್ಲ, ಬೆಲ್ಟು ಸವೆಯುವುದಾದರೂ ಹೇಗೆ?"